ಮೇಲಿನ ಓಣಿಯ ಬಾಟಲಿಗಳು

ಸೂಜಿ ಕಂಡದ್ದೇ ತಡ, ಸೋಮ್ಲಿಬಾಯಿ ಬಿಡಿಸುತ್ತಿದ್ದ ಗೋವಿನಜೋಳದ ತೆನೆಯನ್ನು ಬುಟ್ಟಿಗೆ ಎಸೆದು ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ ತುಳಜಾ ಸೂಜಿಯನ್ನು ಒಳಗಿಡಲೂ ಆಗದೆ, ಕೈ ಹಿಡಿದು ಎಳೆಯಲೂ ಆಗದೆ ಸುಮ್ಮನೆ ನಕ್ಕಳು. ಆ ನಗು ಬರೀ ತುಟಿಯ ಮೇಲಿನದು. ತಿಂಗಳುಗಟ್ಟಲೆಯಿಂದ ಹೊಟ್ಟೆಯೊಳಗೆ ಕೂತಿದ್ದ ಅಂಜಿಕೆ ಕೂತಲ್ಲೇ ಇತ್ತು.

ತುಳಜಾ ಪರಕೀಯಳೇನಲ್ಲ, ಇದೇ ಲಂಬಾಣಿ ತಾಂಡಾದ ಹೇಮಲಪ್ಪನ ಮಗಳು. ಮುಂಡಗೋಡದ ಸರಕಾರಿ ಶಾಲೆಯಲ್ಲಿ ಓದಿ, ಡಾಕ್ಟರಾಗಿ, ಈಗ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕಿಡ್ನಿ ಕಾಯಿಲೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹೋದ ಚಳಿಗಾಲದಲ್ಲಿ ತಾಂಡಾದ ಹೆಂಗಸರಿಗೆಲ್ಲ ಹೆಸರಿನ ಚೀಟಿ ಅಂಟಿಸಿದ ಸಣ್ಣ ಸಣ್ಣ ಬಾಟಲಿ ಹಂಚಿ, ಬೆಳಗಿನ ಮೂತ್ರ ಹಿಡಿದಿಡಿರೆಂದು ಹೇಳಿದ್ದಳು. ಕೆಳಗಿನ ಓಣಿಯ ಉಸ್ತುವಾರಿಯನ್ನು ಅಂಗನವಾಡಿಯ ಸುಶೀಲವ್ವ ವಹಿಸಿಕೊಂಡಳು. ಮೇಲಿನ ಓಣಿಯದನ್ನು ತುಳಜಾಳ ತಾಯಿ ದೇವಿಬಾಯಿ ತಾನಾಗಿಯೇ ಮೈಮೇಲೆ ಎಳೆದುಕೊಂಡಳು. ಸಂಶೋಧಕರ ಮನೆಯವರನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ನಿಯಮವಿತ್ತಾದ್ದರಿಂದ ಬಾಟಲಿ ಸಿಗದೆ ಉಳಿದ ಹೆಂಗಸು ಇಡೀ ತಾಂಡಾದಲ್ಲಿ ದೇವಿಬಾಯಿ ಒಬ್ಬಳೇ.

ಕೆಳಗಿನ ಓಣಿಯ ಬಾಟಲಿಗಳಲ್ಲಿ ಏನೂ ಸಿಗಲಿಲ್ಲ. ಮೇಲಿನ ಓಣಿಯದರಲ್ಲಿ ಪರೀಕ್ಷೆಯ ಹಳದಿ ಪಟ್ಟಿ ಅದ್ದಿದರೆ ಸಾಕು, ಒಂದಾದ ಮೇಲೊಂದು ಗಾಢ ಹಸಿರಿಗೆ ತಿರುಗಿದವು. ಮೈಯೊಳಗೆ ಉಳಿಯಬೇಕಾದ ಸತ್ವವೆಲ್ಲ ಕಿಡ್ನಿಯಿಂದ ಸೋರಿ ಹೋಗುತ್ತಿದೆ ಎಂದು ಅದರ ಅರ್ಥ. ಬಾಟಲಿ ಅಲುಗಾಡಿಸಿದರೆ ಸಾಬೂನಿನ ನೀರಿನ ಹಾಗೆ ನೊರೆ, ಎಷ್ಟು ಹೊತ್ತಾದರೂ ಇಳಿಯದ ನೊರೆ. ಅಂದು ತುಳಜಾಗೆ ಖುಷಿಯಾಗಿತ್ತು, ಸುಳ್ಳೇಕೆ? ಒಂದೇ ಓಣಿಯ ಹೆಂಗಸರೆಲ್ಲರ ಕಿಡ್ನಿ ಒಟ್ಟಿಗೆ ಕೆಡಬೇಕಾದರೆ ಆ ಓಣಿಯ ನೀರಿನಲ್ಲೇ ಏನೋ ಇರಬೇಕು! ಮಾರ್ಗದರ್ಶಕ ಡಾಕ್ಟರ್ ದೇವರಾಜ ಬೆನ್ನು ತಟ್ಟಿದರು. ಪ್ರಬಂಧ ಬರೆದು ಕಳಿಸಿದ್ದಾಯಿತು. ಸಿಂಗಪುರದಲ್ಲಿ ನಡೆಯುವ ಕಿಡ್ನಿ ವೈದ್ಯರ ಸಮ್ಮೇಳನದಿಂದ ತರುಣ ಸಂಶೋಧಕರ ಪ್ರಶಸ್ತಿ ಬಂತು, ಹೋಗಿ ಬರುವ ಖರ್ಚಿಗೆ ಪ್ರವಾಸವೇತನವೂ ಬಂತು. ಪಂಚಾಯಿತಿಯವರು ಮೇಲಿನ ಓಣಿಯ ಬೋರಿಂಗಿನ ಹಿಡಿಕೆಗೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದರು. ಅಂದಿನಿಂದ ಆ ಓಣಿಯ ಹೆಂಗಸರು ಕೊಡ ಹೊತ್ತು ಕೆಳಗಿನ ಓಣಿಗೆ ಇಳಿದು ಹತ್ತುತ್ತಿದ್ದರು, ದಾರಿಯುದ್ದಕ್ಕೂ ಬೈಯುತ್ತಿದ್ದರು.

ಖುಷಿ ಇಳಿದ ಮೇಲೆ ಅಂಜಿಕೆ ಹತ್ತಿತು. ಅವಳನ್ನು ಎತ್ತಿ ಆಡಿಸಿದ ಹೆಂಗಸರು ಇವರೆಲ್ಲ. ಕಿಡ್ನಿ ಕೆಡುವಾಗ ನೋವಾಗುವುದಿಲ್ಲ, ಸದ್ದಿಲ್ಲ. ಇವತ್ತು ತೆನೆ ಬಿಡಿಸುತ್ತ ನಗುವವಳು ಮುಂದಿನ ಸುಗ್ಗಿಗೆ ಮುಖ ಬಾತು, ಉಸಿರು ಸಿಗದೆ ಮಲಗಿರಬಹುದು. ಹುಬ್ಬಳ್ಳಿಗೆ ಬನ್ನಿ ಎಂದು ಎಷ್ಟು ಹೇಳಿ ಕಳಿಸಿದರೂ ಒಬ್ಬಳೂ ಬಂದಿರಲಿಲ್ಲ. ತಾಂಡಾದಿಂದ ಫೋನು ಬಂದಾಗಲೆಲ್ಲ ಯಾರ ಹೆಸರು ಕೇಳಬೇಕಾಗುವುದೋ ಎಂದು ತುಳಜಾ ಎತ್ತಲು ಹಿಂಜರಿಯುತ್ತಿದ್ದಳು. ಈಗ ನಾಳಿದ್ದು ವಿಮಾನ. ರಕ್ತದಲ್ಲಿ ಏನಿತ್ತು ಎಂದು ಅಲ್ಲಿ ಮೊದಲು ಕೇಳುತ್ತಾರೆ, ಒಂದಿಷ್ಟಾದರೂ ರಕ್ತದ ಪರೀಕ್ಷೆ ಮಾಡಿಕೊಂಡು ಹೋಗು ಎಂದು ದೇವರಾಜ ಕಳಿಸಿದ್ದರು.

ಬೆಳಿಗ್ಗೆ ಬಸ್ಸಿಳಿದು ಮನೆಗೆ ಬಂದಾಗ ದೇವಿಬಾಯಿ ಬಾಗಿಲಲ್ಲೇ ನಿಂತಿದ್ದಳು. ಮಗಳು ಶಾಲೆಗೆ ಹೊರಟ ದಿನದಿಂದ, ಅವಳು ಓದಿನಲ್ಲಿ ಹಿಂದುಳಿಯಬಾರದೆಂದು, ಅವಳೊಡನೆ ಮನೆಯ ಲಂಬಾಣಿ ಬಿಟ್ಟು ಕನ್ನಡದಲ್ಲೇ ಮಾತಾಡಿದ ಹೆಂಗಸು ಅವಳು. ತಾಯಿಯನ್ನು ಕರೆಯುವ 'ಯಾಡಿ' ಎಂಬುದೊಂದೇ ಮನೆಯ ಮಾತು ಇಬ್ಬರ ನಡುವೆ ಉಳಿದಿತ್ತು. ಆಕೆಯ ಕಾಲುಂಗುರಗಳು ಬೆರಳಲ್ಲಿರದೆ ಸೆರಗಿನ ತುದಿಯ ಗಂಟಿನಲ್ಲಿದ್ದವು. ಯಾಕೆಂದು ಕೇಳಿದ್ದಕ್ಕೆ, ಬಿಗಿಯಾಗಿವೆ, ಮುಂಡಗೋಡದ ಅಕ್ಕಸಾಲಿಗನಿಂದ ಸಡಿಲ ಮಾಡಿಸಬೇಕು ಎಂದಳು. ಗಂಡ ಗಟ್ಟಿಯಾಗಿರುವಾಗ ಸುಮ್ಮಸುಮ್ಮನೆ ಕಾಲುಂಗುರ ತೆಗೆಯುವವಳಲ್ಲ ದೇವಿಬಾಯಿ. ತುಳಜಾಗೆ ಅದನ್ನು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ. ಚೀಲ ಇಳಿಸಿ, ಸೂಜಿಯ ಡಬ್ಬಿ ಹಿಡಿದು ಮೇಲಿನ ಓಣಿಗೆ ಹೊರಟಿದ್ದಳು.

"ಕಾಕಿ, ಎಲ್ಲಾರಕಿಂತ ನಿನ್ನ ಬಾಟ್ಲಿಯಾಗ ಹೆಚ್ಚ ಬಂದಿತ್ತು" ಎಂದಳು ತುಳಜಾ ಈಗ, ದನಿ ತಗ್ಗಿಸಿ. "ನಿನ್ನ ಕಿಡ್ನಿ ಹಾಳಾಗಾಕತ್ತಾವು. ಇವತ್ತ ರಕ್ತ ಕೊಡಲಿಲ್ಲಂದ್ರ ಆಮ್ಯಾಲೆ ನನ್ನ ಕೈಯಾಗ ಏನೂ ಇರಂಗಿಲ್ಲ."

ಸೋಮ್ಲಿಬಾಯಿ ಅವಳ ಮುಖವನ್ನೇ ನೋಡಿದಳು. ಹುಡುಗಿಯ ಕಣ್ಣಲ್ಲಿ ನೀರಾಡಿದ್ದು ಅವಳಿಗೂ ಕಂಡಿರಬೇಕು. ಸೆರಗಿನಿಂದ ಕೈ ಹೊರಗೆ ಬಂತು, ಆದರೆ ಸೂಜಿಗಲ್ಲ, ತುಳಜಾಳ ಗದ್ದ ಹಿಡಿಯಲು.

"ನನಗೇನೂ ಆಗಿಲ್ಲ ಮಗಾ. ಅದು ನನ್ನ ಬಾಟ್ಲಿ ಅಲ್ಲ. ನಮ್ಮ ಓಣಿಯಾಗ ಯಾರೂ ಕೊಟ್ಟಿಲ್ಲ."

ಆಮೇಲೆ ಸೋಮ್ಲಿಬಾಯಿ ಎಲ್ಲವನ್ನೂ ಹೇಳಿದಳು, ತೆನೆ ಬಿಡಿಸುತ್ತ, ಇದರಲ್ಲೇನಿದೆ ಎಂಬಂತೆ. ಕತ್ತರಿಸಿದ ಉಗುರು, ಬಾಚಣಿಗೆಗೆ ಬಂದ ಕೂದಲು, ಇವನ್ನೂ ಯಾರ ಕೈಗೂ ಸಿಗದ ಹಾಗೆ ಮಣ್ಣಲ್ಲಿ ಹೂಳುವ ಹೆಂಗಸರು ತಾವು. ಅಂಥದ್ದರಲ್ಲಿ ಮೈಯೊಳಗಿನದನ್ನೇ ಬಾಟಲಿಗೆ ತುಂಬಿ, ಮೇಲೆ ತಮ್ಮ ಹೆಸರನ್ನೂ ಅಂಟಿಸಿ ಕಾಣದ ಊರಿಗೆ ಕಳಿಸುವುದೆಂದರೆ ಮಾಟಗಾರನ ಕೈಗೆ ಜುಟ್ಟು ಕೊಟ್ಟಂತೆಯೇ. ದಾರಿಯಲ್ಲಿ ಯಾರು ಯಾರು ಮುಟ್ಟುತ್ತಾರೋ! ಹಾಗೆಂದು ದೇವಿಬಾಯಿಗೆ ಮುಖ ಮುರಿದು ಒಲ್ಲೆ ಎನ್ನಲೂ ಆಗಲಿಲ್ಲ. ಸಂಜೆ ಎಲ್ಲರೂ ಹೋಗಿ ಖಾಲಿ ಬಾಟಲಿಗಳನ್ನು ಅವಳ ಕಟ್ಟೆಯ ಮೇಲೆ ಇಟ್ಟು ತಲೆ ತಗ್ಗಿಸಿ ನಿಂತರಂತೆ. ದೇವಿಬಾಯಿ ಬೈಯಲಿಲ್ಲ. ಇಟ್ಟು ಹೋಗಿರಿ, ನನ್ನ ಮಗಳಿಗೆ ಮಾತ್ರ ಹೇಳಬ್ಯಾಡ್ರಿ ಎಂದಳಂತೆ.

"ಎಲ್ಲಾ ನಿಮ್ಮವ್ವ ಒಬ್ಬಾಕೀನೇ ತುಂಬಿದ್ಲು" ಎಂದಳು ಸೋಮ್ಲಿಬಾಯಿ. "ಈಗರ ಆ ಬೋರಿಂಗ ಬಿಚ್ಚಸವಾ. ನೀರ ಹೊತ್ತ ಹೊತ್ತ ಸೊಂಟ ಹ್ವಾದ್ವು."

ತುಳಜಾ ಎದ್ದು ಹೊರಗೆ ಬಂದಳು. ಮೊದಲು ಅವಳಿಗೆ ಆದದ್ದು ಹಗುರ. ಸೋಮ್ಲಿಬಾಯಿಗೆ ಏನೂ ಆಗಿಲ್ಲ, ಓಣಿಯಲ್ಲಿ ಯಾರಿಗೂ ಏನೂ ಆಗಿಲ್ಲ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಿವಿ ಬಿಸಿಯಾದವು. ಪ್ರಬಂಧ ಸುಳ್ಳು, ಪ್ರಶಸ್ತಿ ಸುಳ್ಳು, ಸಿಂಗಪುರದ ವೇದಿಕೆಯ ಮೇಲೆ ಅವಳು ತೋರಿಸಬೇಕಿದ್ದ ಚಿತ್ರಗಳೆಲ್ಲ ಸುಳ್ಳು. ಅಲ್ಲಿಯವರೆಗೆ ಬಂದು ಹೇಳುವವರು ಯಾರು ಎಂಬ ಯೋಚನೆಯೂ ಬಂತು. ಬರಲಿಲ್ಲ ಎಂದರೆ ಅದೂ ಒಂದು ಸುಳ್ಳೇ. ಹೋಗಿ, ಓದಿ, ಚಪ್ಪಾಳೆ ತೆಗೆದುಕೊಂಡು ಬಂದರೆ ಯಾರ ಗಂಟೇನು ಹೋಗುತ್ತದೆ ಎಂದು ಬೋರಿಂಗಿನ ತನಕ ಯೋಚಿಸುತ್ತಲೇ ನಡೆದಳು.

ಬೋರಿಂಗಿನ ಹತ್ತಿರ ಕಾಲು ನಿಂತವು. ಗೋಣಿಚೀಲ ಸುತ್ತಿದ ಹಿಡಿಕೆ ಮುಗಿಲಿಗೆ ಚಾಚಿಕೊಂಡಿತ್ತು. ಆ ಬಾಟಲಿಗಳಲ್ಲಿ ಇದ್ದದ್ದು ಬೋರಿಂಗಿನ ನೀರಲ್ಲ. ಪಟ್ಟಿಗಳು ಹಸಿರಾದದ್ದು ಸುಳ್ಳಲ್ಲ, ಹೆಸರುಗಳಷ್ಟೇ ಸುಳ್ಳು. ಇಳಿಯದ ಆ ನೊರೆ, ಅಷ್ಟೂ ನೊರೆ, ಒಬ್ಬಳದೇ.

ಅಲ್ಲಿಂದ ಮನೆಗೆ ಹೇಗೆ ಇಳಿದು ಬಂದಳೋ ಅವಳಿಗೇ ಗೊತ್ತಿಲ್ಲ. ಬಾವು ಬಂದಿದೆಯೇ ಎಂದು ಓಣಿಯ ಹೆಂಗಸರ ಕಾಲನ್ನೆಲ್ಲ ಒತ್ತಿ ನೋಡಿದವಳು ಮನೆಯಲ್ಲಿದ್ದ ತಾಯಿಯ ಕಾಲನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ದೇವಿಬಾಯಿ ಹೊರಗಿನ ಒಲೆಯ ಮುಂದೆ ಕಾಲು ಚಾಚಿ ಕೂತು ರೊಟ್ಟಿ ಬಡಿಯುತ್ತಿದ್ದಳು. ವಿಮಾನದ ಊರಲ್ಲಿ ರೊಟ್ಟಿ ಸಿಗುವುದೋ ಇಲ್ಲವೋ ಎಂದು ದಿನಗಟ್ಟಲೆ ಕೆಡದ ಗರಿಗರಿ ಕಟಕ ರೊಟ್ಟಿಯ ಅಟ್ಟಿಯೇ ಎದ್ದಿತ್ತು. ತುಳಜಾ ಪಕ್ಕದಲ್ಲಿ ಕೂತು ತಾಯಿಯ ಕಣಕಾಲಿನ ಮೇಲೆ ಹೆಬ್ಬೆರಳು ಊರಿ ಒತ್ತಿದಳು. ಕಚಗುಳಿಯಾಗಿ ದೇವಿಬಾಯಿ ನಕ್ಕಳು. ಬೆರಳು ತೆಗೆದ ಮೇಲೆ ಅಲ್ಲಿ ಕುಳಿ ಬಿದ್ದಿತ್ತು, ಹಸಿ ಹಿಟ್ಟಿನಲ್ಲಿ ಬಿದ್ದ ಹಾಗೆ. ಅದು ತುಂಬಲಿಲ್ಲ.

"ಯಾಡಿ, ಮೇಲಿನ ಓಣಿ ಬಾಟ್ಲಿ ಯಾರ ತುಂಬಿದ್ರು?"

ರೊಟ್ಟಿ ಬಡಿಯುವ ಸದ್ದು ನಿಂತಿತು. ಸೋಮ್ಲಿಯ ಬಾಯಲ್ಲಿ ಒಂದು ಮಾತು ನಿಲ್ಲುವುದಿಲ್ಲ ಎಂದು ದೇವಿಬಾಯಿ ಗೊಣಗಿದಳು. ಮಗಳು ತನ್ನ ಮೇಲಿಂದ ಕಣ್ಣು ಕೀಳದ್ದನ್ನು ಕಂಡು ಹಿಟ್ಟಿನ ಕೈ ಒರೆಸಿಕೊಂಡಳು.

"ಖಾಲಿ ಬಾಟ್ಲಿ ಹೊತಗೊಂಡ ನೀ ಹೆಂಗ ಹೋಗ್ತಿದ್ದಿ? ಎಲ್ಲಾರೂ ಅಂಜಿದ್ರು. ನಾ ನೋಡಿದ್ರ ಕಲ್ಲಿನಂಗ ಗಟ್ಟಿ ಅದೀನಿ. ಗಟ್ಟಿ ಇದ್ದಾಕಿದು ಕೊಟ್ರ ನಿನ್ನ ಪರೀಕ್ಷಾ ಛಲೋ ಬರ್ತೈತಿ ಅಂತ ತಿಳಕೊಂಡ್ನಿ." ಆಮೇಲೆ ನಾಚಿಕೆಯಿಂದ ಅಂದಳು: "ಬಹುಮಾನ ಬಂತು ಅಂತ ನೀ ಫೋನ್ ಮಾಡಿದಾಗ ನನಗೆಷ್ಟ ಹಿಗ್ಗಾತು ಗೊತ್ತೇನ? ಯಾರಿಗೂ ಹೇಳಲಿಲ್ಲ ನಾ. ನಾ ಕೊಟ್ಟಿದ್ದಕ್ಕ ಬಂತಲ್ಲ ಅಂದ್ಕೊಂಡ್ನಿ."

ತುಳಜಾ ಮುಖವನ್ನು ಚೀಲದ ಕಡೆಗೆ ತಿರುಗಿಸಿದಳು. ಅಳಬಾರದು, ಅತ್ತರೆ ತಾಯಿಗೆ ತಿಳಿಯುತ್ತದೆ. ಚೀಲಕ್ಕೆ ಕೈ ಹಾಕಿ ಹೊಸ ಬಾಟಲಿಯೊಂದನ್ನು ತೆಗೆದು ತಾಯಿಯ ಮುಂದೆ ಹಿಡಿದಳು.

"ಯಾರ ಹೆಸರೀಲೆ?" ಎಂದು ಕೇಳಿದಳು ದೇವಿಬಾಯಿ.

"ನಿನ್ನ ಹೆಸರೀಲೆ."

ಮನೆಯವರದು ಬೇಡ ಅಂದಿದ್ದಿಯಲ್ಲ ಎಂದು ದೇವಿಬಾಯಿ ಬೆರಗಾದಳು. ಆದರೂ ಮಗಳ ಕೆಲಸಕ್ಕೆ ಇನ್ನೊಮ್ಮೆ ಬೇಕಾದೆನಲ್ಲ ಎಂಬ ಸಂತೋಷ ಮುಖದಲ್ಲಿ ಮುಚ್ಚಲಾಗಲಿಲ್ಲ. ನೆಲಕ್ಕೆ ಕೈಯೂರಿ, ಒಂದೆರಡು ಸಲ ದಮ್ಮು ತೆಗೆದುಕೊಂಡು ಎದ್ದು ಹಿತ್ತಲಿಗೆ ಹೋದಳು. ಅಷ್ಟು ಏಳುವುದಕ್ಕೆ ಯಾಕೆ ದಮ್ಮು ಎಂದು ತುಳಜಾ ಈಗ ಕೇಳಲಿಲ್ಲ. ಬಾಟಲಿಯನ್ನು ಸೆರಗಿನ ಮರೆಯಲ್ಲಿ ತಂದು ದೇವಿಬಾಯಿ ಕಟ್ಟೆಯ ಮೇಲೆ ಇಟ್ಟಳು, ಮತ್ತೆ ಒಲೆಯ ಮುಂದೆ ಕೂತಳು.

"ನಾಳೆ ನನ್ನ ಸಂಗಾಟ ಹುಬ್ಬಳ್ಳಿಗೆ ಬಾ ಯಾಡಿ. ದವಾಖಾನ್ಯಾಗ ಇರೂಣು ನಾಕ ದಿನ."

"ಹುಚ್ಚಿ. ವಿಮಾನ ನಿನ್ನ ಬಿಟ್ಟ ಹೋಗತೈತಿ."

"ಹೋಗಲಿ ಬಿಡು."

ದೇವಿಬಾಯಿ ನಂಬಲಿಲ್ಲ. ಹುಡುಗಿಗೆ ವಿಮಾನದ ಅಂಜಿಕೆ ಹತ್ತಿದೆ, ದೇವರ ಹೆಸರು ಹೇಳಿ ಹತ್ತಿ ಕೂತರೆ ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳುತ್ತ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ತುಳಜಾ ಕಟ್ಟೆಯ ಹತ್ತಿರ ಹೋಗಿ ನಿಂತಳು. ಕೈಯಲ್ಲಿ ಪಟ್ಟಿಯ ಡಬ್ಬಿ ಇತ್ತು, ಮುಚ್ಚಳ ತೆರೆಯಲಿಲ್ಲ. ಸುಮ್ಮನೆ ಎದ್ದ ನೊರೆಯಾದರೆ ಹೀಗೆ ನೋಡುವಷ್ಟರಲ್ಲಿ ಇಳಿದು ಹೋಗುತ್ತದೆ. ಹಿಂದೆ ತಾಯಿ ಇನ್ನೊಂದು ರೊಟ್ಟಿ ಬಡಿಯತೊಡಗಿದಳು. ಅದೂ ಬೆಂದಿತು. ಬಾಟಲಿಯ ಕೊರಳಲ್ಲಿ ನೊರೆ ಬೆಳ್ಳಗೆ, ಒಂದು ಗುಳ್ಳೆಯೂ ಒಡೆಯದೆ ನಿಂತಿತ್ತು.