ನದಿಯ ಮಟ್ಟ ಹೇಳುವವಳು

ಹಳೆ ಕಾರು ಕೊಳ್ಳುವಾಗ ನಾನು ಮೊದಲು ನೋಡುವುದು ಎಂಜಿನ್ ಅಲ್ಲ, ಮಾರಲು ಬಂದವರ ಮುಖ. ಆ ಸಂಜೆ ಊರಾಚೆಯ ನನ್ನ ಅಂಗಡಿಗೆ ಒಬ್ಬ ಅಪ್ಪ, ಮಗಳು ಬಂದರು. ಮಗಳ ಮುಖದಲ್ಲಿ ಅವಸರವಿತ್ತು. ಅಪ್ಪ ಡ್ರೈವರ್ ಸೀಟು ಬಿಟ್ಟು ಇಳಿಯಲೇ ಇಲ್ಲ.

"ಇದನ್ನ ತಗೊಂಡು ಆ ಹೊಸದು ಕೊಡಿ ಅಕ್ಕ. ಅಪ್ಪಂಗೆ ಕಣ್ಣು ಮಂಜು. ಅದ್ರಲ್ಲಿ ಬ್ರೇಕು ತಾನೇ ಹಾಕ್ಕೊಳುತ್ತಂತೆ."

"ಅದ್ರಲ್ಲಿ ಎಎಂ ರೇಡಿಯೋ ಬರುತ್ತಾ?" ಒಳಗಿಂದ ಅಪ್ಪ ಕೇಳಿದ.

ಸುಳ್ಳು ಹೇಳಿ ಮಾರಿದ ಗಾಡಿ ವಾರದೊಳಗೆ ಬಾಗಿಲಿಗೆ ವಾಪಸ್ ಬರುತ್ತದೆ. "ಇಲ್ಲ ಯಜಮಾನ್ರೇ. ತಿರುಗಿಸೋ ಗುಂಡಿನೂ ಇಲ್ಲ. ಎಲ್ಲಾ ಪರದೆ ಮೇಲೆ."

"ಹಾಗಾದ್ರೆ ಬೇಡ."

"ಕೇಳಿದ್ರಾ? ತಿಂಗಳುಗಟ್ಟಲೆ ಇದೇ ರಾಗ," ಎಂದಳು ಮಗಳು. "ಒಂದು ಮಾತಿಗೆ ಒಂದು ಬುಟ್ಟಿ ಗೊರಗೊರ. ಅದನ್ನ ಯಾರು ಕೇಳ್ತಾರೆ ಈಗ?"

"ಮನೇಲೊಂದು ರೇಡಿಯೋ ಇಟ್ಕೊಳ್ಳಿ," ಎಂದೆ. ವ್ಯಾಪಾರ ಕೈತಪ್ಪಬಾರದಲ್ಲ.

"ಇಟ್ಟು ನೋಡ್ದೆ. ದೀಪ, ಫೋನು, ಪಕ್ಕದ್ಮನೆ ಮೋಟರು, ಎಲ್ಲಾ ಸೇರಿ ಗುಂಯ್ ಅನ್ನುತ್ತೆ. ಊರು ದಾಟಿ ಇದ್ರಲ್ಲಿ ಕೂತ್ರೇನೇ ಅವಳು ಸರಿಯಾಗಿ ಕೇಳಿಸೋದು."

"ಯಾರು?" ಎಂದಳು ಮಗಳು.

ಅಪ್ಪನ ಕಣ್ಣು ಮುಂದಿನ ಗಾಜಿನ ಮೇಲೇ ಇತ್ತು. ಕೈ ಮಾತ್ರ ಹೋಗಿ, ಸವೆದು ನುಣುಪಾದ ರೇಡಿಯೋ ಗುಂಡಿಯನ್ನು ಹಿಡಿದು ತಿರುಗಿಸಿತು. ಗೊರಗೊರದ ನಡುವಿನಿಂದ ಹೆಣ್ಣುದನಿಯೊಂದು ಬಂತು.

"ನದಿ ನೀರಿನ ಮಟ್ಟ. ಏಳು. ಅಡಿ. ಏರುತ್ತಿದೆ."

ಪದ ಪದದ ನಡುವೆ ಬಿಡುವು, ಉಸಿರು ಹುಡುಕಿಕೊಂಡು ಬಂದು ಮಾತಾಡಿದ ಹಾಗೆ. 'ಏಳು' ಎನ್ನುವಾಗ ಮಾತ್ರ ಒಳಗೆಲ್ಲೋ ತಡೆದ ನಗು.

ಬಾಗಿಲ ಮೇಲಿದ್ದ ಮಗಳ ಕೈ ಅಲ್ಲೇ ನಿಂತಿತು. "ಅಪ್ಪಾ, ಇದು ಅಮ್ಮ."

"ಹೂಂ. ಕಾಯಿಲೆ ಅಂತ ಗೊತ್ತಾದ ವರ್ಷ, ಅವಳು ನೀರಿನ ಸುದ್ದಿ ಓದ್ತಿದ್ದ ರೇಡಿಯೋ ಸ್ಟೇಷನ್ನೋರು ಅವಳ ಕೈಲಿ ಒಂದೊಂದೇ ಪದ ಹೇಳಿಸಿಟ್ಕೊಂಡ್ರು. ಈಗ ನೀರಿನ ಲೆಕ್ಕ ಬಂದ ಹಾಗೆ ಮೆಷಿನ್ನು ಪದ ಜೋಡಿಸುತ್ತೆ. ಅವಳು ಹೋಗಿ ಮೂರು ವರ್ಷ ಆಯ್ತು, ಒಂದು ದಿನ ರಜಾ ಹಾಕಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೆದರ್ಕೋತೀಯೇನೋ ಅಂತ, ಪುಟ್ಟಿ. ಮೊದಲ್ನೇ ದಿನ ನಾನೇ ಗಾಡಿ ನಿಲ್ಲಿಸಿ ಇಳಿದುಬಿಟ್ಟಿದ್ದೆ." ಅವನು ದನಿ ತಗ್ಗಿಸಿದ. "ಏಳು ಅನ್ನೋವಾಗ ನಾನು ಸ್ಟುಡಿಯೋ ಗಾಜಿನಾಚೆ ನಿಂತು ಅಣಕಿಸ್ತಿದ್ದೆ. ಆ ನಗು ಅಲ್ಲೇ ಉಳ್ಕೊಂಡಿದೆ."

ಗೊರಗೊರ ಮತ್ತೆ ಬಿರಿಯಿತು. "ತಗ್ಗಿನ ಸೇತುವೆ. ದಾಟಬೇಡಿ."

ಸತ್ತವರ ಕಾರುಗಳನ್ನು ಎಷ್ಟೋ ಮಾರಿದ್ದೇನೆ. ಸತ್ತವರ ದನಿ ಕೇಳಿದ್ದು ಅವತ್ತೇ. ಇಲ್ಲದವಳು ಇವತ್ತಿನ ನೀರಿನ ಮಾತಾಡುತ್ತಿದ್ದಳು.

ಮಗಳು ಕಾರನ್ನು ಸುತ್ತಿ ಬಂದು ಡ್ರೈವರ್ ಬದಿಯ ಬಾಗಿಲು ತೆಗೆದಳು. "ಆಚೆ ಸರಿಯಪ್ಪಾ. ಇನ್ಮೇಲೆ ನಾನು ಓಡಿಸ್ತೀನಿ."

"ಹೊಸ ಕಾರು?" ಎಂದೆ, ಉತ್ತರ ಗೊತ್ತಿದ್ದೂ.

"ಇರ್ಲಿ ಅಕ್ಕ."

"ಸೇತುವೆ ಮೇಲೆ ಹೋದ್ರೆ ಮನೆ ಹತ್ರ," ಎಂದ ಅಪ್ಪ, ಮಗಳನ್ನು ಓರೆಗಣ್ಣಲ್ಲಿ ನೋಡುತ್ತ.

"ಅಮ್ಮ ಬೇಡ ಅಂದ್ಲಲ್ಲ. ಸುತ್ತಿ ಹೋಗೋಣ."

ಆಮೇಲಿಂದ ಹಳೆ ಕಾರು ಬಂದರೆ ಸಂಜೆ ನಾನೇ ಕೂತು ಅದರ ರೇಡಿಯೋ ತಿರುಗಿಸುತ್ತೇನೆ. ಸೆಟ್ಟು ಸರಿಯಿದೆಯೋ ನೋಡಲು ಎಂದು ಕೆಲಸದವರಿಗೆ ಹೇಳಿದ್ದೇನೆ. ನೀರು ಏಳಡಿಗೆ ಬಂದ ದಿನ ಮಾತ್ರ, ಆ ನಗು ಪಕ್ಕದಿಂದಲೇ ಬಂದಂತಾಗಿ, ಪಕ್ಕದ ಸೀಟಿನ ಕಡೆ ತಿರುಗುವುದಿಲ್ಲ.