ಗೋಡೆಯೊಳಗಿನ ಬಿಸಿ

ಒಗ್ಗರಣೆಗೆ ಸಾಸಿವೆ ಬಿದ್ದರೆ ಸಾಕು, ಅಮೆರಿಕದ ಸ್ಯಾನ್ ಡಿಯಾಗೋ ಊರಿನ ಮೀರಾ ಮೆಸಾ ಬಡಾವಣೆಯ ನಮ್ಮವರ ಮನೆಗಳಲ್ಲಿ ಹೊಗೆ ಅಲಾರಂ ಕಿರುಚಲು ಶುರುಮಾಡುತ್ತದೆ. ಒಬ್ಬರು ಟವೆಲ್ ಬೀಸುತ್ತಾರೆ, ಇನ್ನೊಬ್ಬರು ಕಿಟಕಿಗೆ ಓಡುತ್ತಾರೆ. ಕನೀಜ್ ಫಾತಿಮಾ ಇದಕ್ಕೊಂದು ಸುಲಭದ ದಾರಿ ಕಂಡುಕೊಂಡಿದ್ದರು. ಸ್ನಾನ ಮಾಡುವಾಗ ತಲೆಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೋಪಿಯನ್ನು ಅಲಾರಂಗೆ ತೊಡಿಸಿ ಆಮೇಲೆ ಒಲೆ ಹಚ್ಚುತ್ತಿದ್ದರು. ಅಡುಗೆಯಾದ ಮೇಲೆ ಅದನ್ನು ತೆಗೆಯಲು ಒಮ್ಮೊಮ್ಮೆ ನೆನಪಾಗುತ್ತಿತ್ತು, ಒಮ್ಮೊಮ್ಮೆ ಇಲ್ಲ.

ಅವರ ಮಗಳು ನಮ್ರಾ ಲಾಸ್ ಏಂಜಲೀಸ್‌ನ ಒಂದು ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು, ಅಲ್ಲಿಯ ಹಾಸ್ಟೆಲಿನಲ್ಲೇ ಇದ್ದಳು. ಹಾಸ್ಟೆಲ್ ಆರಿಸಿದ್ದು ತಂದೆ ಅಸ್ಗರ್. ಮೈಸೂರಿನ ಮಂಡಿ ಮೊಹಲ್ಲಾದವರು, ಮೀರಾ ಮೆಸಾದಲ್ಲಿ ಟಿವಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದರು. ಯೂನಿವರ್ಸಿಟಿ ಕೊಟ್ಟ ಕಾಗದಗಳನ್ನೆಲ್ಲ ಕೂತು ಓದಿ, ಕಳ್ಳತನ ಸೊನ್ನೆ, ಬೆಂಕಿ ಸೊನ್ನೆ ಎಂದು ಬರೆದಿದ್ದ ಹಾಸ್ಟೆಲನ್ನೇ ಹಿಡಿದಿದ್ದರು. ಅಂಗಡಿಗೆ ಬಂದವರಿಗೆಲ್ಲ ಆ ಸೊನ್ನೆಗಳ ಕಥೆ ಹೇಳಿ ಆಗಿತ್ತು.

2008ರ ರಂಜಾನ್ ಸೆಪ್ಟೆಂಬರಿನಲ್ಲಿ ಬಂತು. ಹಾಸ್ಟೆಲಿನ ಊಟದ ಹಾಲ್ ಬಾಗಿಲು ತೆಗೆಯುವುದು ಬೆಳಕು ಹರಿದ ಮೇಲೆ. ಉಪವಾಸ ಶುರುವಾಗುವ ಮೊದಲಿನ ಸಹರಿ ಊಟ ಅದಕ್ಕೆ ಮುಂಚೆಯೇ ಮುಗಿಯಬೇಕು. ಮಗಳು ಖಾಲಿ ಹೊಟ್ಟೆಯಲ್ಲಿ ಉಪವಾಸ ಹಿಡಿಯಬಾರದೆಂದು ಕನೀಜ್ ಫಾತಿಮಾ ಒಂದು ಸಣ್ಣ ಕರೆಂಟ್ ಒಲೆ, ಡಬ್ಬಿ ತುಂಬ ಖೀಮಾ, ಜೊತೆಗೆ ಇನ್ನೊಂದು ಪ್ಲಾಸ್ಟಿಕ್ ಟೋಪಿ ಕಟ್ಟಿಕೊಟ್ಟರು. ಕೋಣೆಯಲ್ಲಿ ಒಲೆ ಇಡಬಾರದೆಂಬ ನಿಯಮ ಮೂವರಿಗೂ ಗೊತ್ತಿತ್ತು.

ಒಂದು ದಿನ ಸಹರಿಗೆ ಖೀಮಾ ಬಿಸಿಗಿಟ್ಟಾಗ ಒಲೆ ಸಿಕ್ಕಿಸಿದ್ದ ಗೋಡೆಯ ಪ್ಲಗ್ ಪಾಯಿಂಟ್ ಚಟಚಟ ಎಂದಿತು. ಕಿಡಿ ಹಾರಿ ಕಿಟಕಿಯ ಪರದೆಯ ಅಂಚಿಗೆ ಬೆಂಕಿ ಹತ್ತಿತು. ನಮ್ರಾ ವೈರ್ ಕಿತ್ತು, ಕಂಬಳಿ ಒತ್ತಿ ಆರಿಸಿದಳು. ಅವಳ ಅಂಗೈ ಸುಟ್ಟಿತು. ಟೋಪಿ ಹಾಕಿಕೊಂಡಿದ್ದ ಅಲಾರಂ ಕೂಗಲಿಲ್ಲ, ಯಾರಿಗೂ ತಿಳಿಯಲಿಲ್ಲ. ಕಪ್ಪಾದ ಪ್ಲಗ್ ಪಾಯಿಂಟಿಗೆ ಅಡ್ಡವಾಗಿ ಪುಸ್ತಕದ ಪೆಟ್ಟಿಗೆ ತಳ್ಳಿದಳು. ಮನೆಗೆ ಫೋನ್ ಮಾಡಿದಾಗ, ಯಾರಿಗೂ ಹೇಳಬೇಡ ಎಂದರು ಅಸ್ಗರ್. ಶನಿವಾರ ಅವಳು ಮನೆಗೆ ಬಂದಳು.

ಅಂದು ಇಫ್ತಾರಿಗೆ ಸ್ವರ್ಣಲತಾ ಬಂದಿದ್ದರು. ಉಡುಪಿಯವರು, ಅದೇ ಬೀದಿಯಲ್ಲಿ ಮನೆ. ಸ್ಯಾನ್ ಡಿಯಾಗೋದ ಒಂದು ಕಾಲೇಜಿನ ಹಾಸ್ಟೆಲ್ ಆಫೀಸಿನಲ್ಲಿ ಅವರಿಗೆ ಕೆಲಸ. ಅಸ್ಗರ್ ಮನೆಯಲ್ಲಿ ಮಾತು ಉರ್ದು, ಸ್ವರ್ಣಲತಾ ಬಂದರೆ ಮಾತ್ರ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು. ತಾವು ಕರಿದು ತಂದ ಗೋಳಿಬಜೆ ಬಡಿಸುವಾಗ ಅವರಿಗೆ ನಮ್ರಾಳ ಕೈಯ ಬ್ಯಾಂಡೇಜ್ ಕಂಡಿತು. ಏನಾಯಿತು ಎಂದು ಕೇಳಿದರು. ಹುಡುಗಿ ತಾಯಿಯ ಮುಖ ನೋಡಿದಳು, ತಾಯಿ ಗಂಡನ ಮುಖ ನೋಡಿದರು. ಕೊನೆಗೆ ಒಂದೊಂದಾಗಿ ಎಲ್ಲ ಹೊರಬಿತ್ತು.

"ಆಫೀಸಿಗೆ ಹೇಳಿದಿಯಾ ಮಗಾ?" ಎಂದರು ಸ್ವರ್ಣಲತಾ.

"ನೋ ಆಂಟಿ. ಅಬ್ಬಾ ಬೇಡ ಅಂದ್ರು."

ಅಸ್ಗರ್ ಖರ್ಜೂರದ ಬೀಜವನ್ನು ತಟ್ಟೆಯ ಅಂಚಿನಲ್ಲಿಟ್ಟರು. ಒಲೆ ಇಟ್ಟದ್ದಕ್ಕೆ ಹಾಸ್ಟೆಲಿನಿಂದ ಹೊರಗೆ ಹಾಕಿದರೆ ಓದು ಹಾಳಾಗುತ್ತದೆ, ಅದೊಂದು ಭಯ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. 2001ರ ಭಯೋತ್ಪಾದಕ ದಾಳಿಯ ನಂತರ ಏರ್‌ಪೋರ್ಟಿಗೆ ಹೋದಾಗಲೆಲ್ಲ ಅವರನ್ನು ಪಕ್ಕಕ್ಕೆ ಕರೆದು ನಿಲ್ಲಿಸುತ್ತಿದ್ದರು. ಹೆಂಡತಿ ಮಕ್ಕಳ ಎದುರೇ.

"ನಮ್ಮ ಹೆಸರಿನ ಪಕ್ಕ ಬೆಂಕಿ ಅಂತ ಬರೆದ್ರೆ ಏನಾಗುತ್ತೆ ಹೇಳಿ ಸ್ವರ್ಣಕ್ಕಾ. ನಿಮ್ಮ ಮಗಳಾದ್ರೆ ನೋಟಿಸ್ ಕೊಟ್ಟು ಬಿಡ್ತಾರೆ. ನಮ್ಮನೆಗಾದ್ರೆ ಆಫೀಸರ್‌ಗಳು ಬರ್ತಾರೆ."

"ನಿಮ್ಮ ಭಯ ಸುಳ್ಳು ಅಂತ ನಾನು ಹೇಳುದಿಲ್ಲ," ಎಂದರು ಸ್ವರ್ಣಲತಾ. ತಮ್ಮ ಆಫೀಸಿನ ಕೆಲಸ ಹೇಗೆ ನಡೆಯುತ್ತದೆಂದು ವಿವರಿಸಿದರು. ಕ್ಯಾಂಪಸ್ಸಿನಲ್ಲಿ ನಡೆದ ಕಳ್ಳತನ, ಹಲ್ಲೆಗಳನ್ನು ಕ್ಯಾಂಪಸ್ ಪೊಲೀಸರು ದಿನವೂ ಒಂದು ಪಟ್ಟಿಯಲ್ಲಿ ಬರೆಯಬೇಕು. ಯಾರೇ ಹೋಗಿ ಕೇಳಿದರೂ ಅದನ್ನು ತೋರಿಸಬೇಕು. ವರ್ಷಕ್ಕೊಮ್ಮೆ ಲೆಕ್ಕ ಪ್ರಕಟಿಸಬೇಕು. ಹಾಸ್ಟೆಲುಗಳಲ್ಲಿ ಹತ್ತಿದ ಬೆಂಕಿಯ ಲೆಕ್ಕವನ್ನು ಇಲ್ಲಿಯವರೆಗೆ ಕೆಲವು ಕಡೆ ತಾವಾಗಿಯೇ ಕೊಡುತ್ತಿದ್ದರು, ಈ ಆಗಸ್ಟಿನಲ್ಲಿ ಬಂದ ಹೊಸ ಕಾನೂನಿನ ಪ್ರಕಾರ ಅದೂ ಎಲ್ಲ ಕಡೆ ಹಾಗೇ ಬರಬೇಕು. ಆ ಪಟ್ಟಿಗೆ ಬೇಕಾದದ್ದು ಏನಾಯಿತು, ಎಲ್ಲಿ, ಯಾವಾಗ ಎಂಬುದು. ಹುಡುಗಿಯ ಹೆಸರು ಬೇಕಿಲ್ಲ.

"ನೀವು ಸೊನ್ನೆ ನೋಡಿ ಹಾಸ್ಟೆಲ್ ಹಿಡಿದ್ರಿ ಅಲ್ವಾ ಅಸ್ಗರಣ್ಣ? ಆ ಸೊನ್ನೆ ಯಾರು ಬರೆದದ್ದು ಗೊತ್ತುಂಟಾ? ನಿಮ್ಮ ಹಾಗೆ ಬಾಯಿ ಮುಚ್ಚಿಕೊಂಡ ಅಪ್ಪಂದಿರು."

ಅಸ್ಗರ್ ನಕ್ಕುಬಿಟ್ಟರು. ಗೋಳಿಬಜೆ ತಿನ್ನಿಸಿ ಬೈಯುವವರನ್ನು ಇವತ್ತೇ ನೋಡಿದ್ದು ಎಂದರು. ತಮ್ಮ ಕೆಲಸವೇ ವೈರಿನದು, ನಾಳೆ ಹೋಗಿ ಹೊಸ ಪಾಯಿಂಟ್ ಕೂರಿಸಿ ಬಂದರೆ ಮುಗಿಯಿತು ಎಂದರು.

"ಅದು ನಿಮ್ಮ ಅಂಗಡಿಯ ಟಿವಿ ಅಲ್ಲ ಮಾರಾಯ್ರೆ. ಮಕ್ಕಳು ಮಲಗುವ ಜಾಗ."

ಈ ಮಾತು ನಡೆಯುತ್ತಿರುವಾಗಲೇ ಕನೀಜ್ ಫಾತಿಮಾ ಎದ್ದು ಕುರ್ಚಿ ಎಳೆದುಕೊಂಡರು. ಅಡುಗೆಮನೆಯ ಅಲಾರಂ ಮೇಲಿದ್ದ ಟೋಪಿ ತೆಗೆದು ಕಸದ ಡಬ್ಬಿಗೆ ಹಾಕಿದರು. ಆದರೆ ಅಸ್ಗರ್ ಒಪ್ಪಲಿಲ್ಲ.

ಭಾನುವಾರ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಲಾಸ್ ಏಂಜಲೀಸಿಗೆ ಹೊರಟರು. ಡಿಕ್ಕಿಯಲ್ಲಿ ಸ್ಕ್ರೂಡ್ರೈವರ್, ಟೆಸ್ಟರ್, ಹೊಸ ಪ್ಲಗ್ ಪಾಯಿಂಟ್. ಕೋಣೆಯ ಬಾಗಿಲು ಹಾಕಿಕೊಂಡು ಪೆಟ್ಟಿಗೆ ಸರಿಸಿದರು. ಆ ಕಟ್ಟಡದ ಮೇನ್ ಸ್ವಿಚ್ ಎಲ್ಲಿದೆ ಎಂದು ಕೇಳಲೂ ಇಲ್ಲ, ಕೇಳಿದರೆ ಗುಟ್ಟು ಹೊರಗೆ ಬೀಳುತ್ತದಲ್ಲ. ಕರೆಂಟ್ ಇದ್ದ ಹಾಗೇ ಪಾಯಿಂಟ್ ಬಿಚ್ಚಿದರು. ಮಾಡಬಾರದ ಕೆಲಸವೆಂದು ಅವರಿಗೇ ಗೊತ್ತಿತ್ತು.

ಹೊರಗಿನ ಪ್ಲಾಸ್ಟಿಕ್ ಕರಗಿರುತ್ತದೆ, ಬದಲಾಯಿಸಿದರಾಯಿತು ಎಂದುಕೊಂಡಿದ್ದರು. ಹಿಂದಿನ ವೈರ್ ನೋಡಿದರು. ಮೇಲಿನ ಹೊದಿಕೆ ಸುಟ್ಟು ಪುಡಿಯಾಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ಸುಟ್ಟ ಕಪ್ಪು ಗುರುತು ಗೋಡೆಯೊಳಗೇ ಪಕ್ಕದ ಕೋಣೆಯ ಕಡೆಗೆ ಹೋಗಿತ್ತು. ಅದು ಒಂದು ದಿನದಲ್ಲಿ ಆದದ್ದಲ್ಲ. ಒಳಗೊಳಗೇ ಬಹಳ ಕಾಲದಿಂದ ಬೆಂದಿತ್ತು. ಗೋಡೆಯ ಮೇಲೆ ಕೈಯಿಟ್ಟರು. ಬೆಚ್ಚಗಿತ್ತು.

ಪಾಯಿಂಟ್ ಬದಲಾಯಿಸಬಹುದಿತ್ತು. ಗೋಡೆಯನ್ನು ಏನು ಮಾಡುವುದು?

ಅವರು ಎದ್ದು ಹೋಗಿ ಪಕ್ಕದ ಕೋಣೆಯ ಬಾಗಿಲು ತಟ್ಟಿದರು. ಫಿಲಿಪೀನ್ಸ್ ಕಡೆಯ ಒಬ್ಬ ಹುಡುಗಿ ತೆಗೆದಳು. ಅವಳ ಮಂಚ ಅದೇ ಗೋಡೆಗೆ ಒರಗಿತ್ತು. ದಿಂಬಿನ ಪಕ್ಕದ ಪಾಯಿಂಟಿಗೆ ಟೇಪ್ ಅಂಟಿಸಿದ್ದಳು. ಅದು ಬಿಸಿಯಾಗುತ್ತದೆ, ಅದಕ್ಕೇ ಬಳಸುತ್ತಿಲ್ಲ ಎಂದಳು. ಆಫೀಸಿಗೆ ಯಾಕೆ ಹೇಳಲಿಲ್ಲವೆಂದು ನಮ್ರಾ ಕೇಳಿದಳು. ಹುಡುಗಿ ಮಂಚದ ಕೆಳಗೆ ಬೆರಳು ತೋರಿಸಿದಳು. ಅಲ್ಲಿ ಒಂದು ರೈಸ್ ಕುಕ್ಕರ್ ಇತ್ತು. ಅದನ್ನೂ ಇಡುವಂತಿರಲಿಲ್ಲ.

ಅಸ್ಗರ್ ಕಾರಿಡಾರಿನಲ್ಲಿ ನಿಂತುಕೊಂಡರು. ಸಾಲಾಗಿ ಬಾಗಿಲುಗಳಿದ್ದವು. ಒಂದರಿಂದ ಹಾಡು ಕೇಳುತ್ತಿತ್ತು, ಒಂದರಿಂದ ಯಾರೋ ಅಮ್ಮನ ಜೊತೆ ಫೋನಿನಲ್ಲಿ ಜಗಳವಾಡುವುದು ಕೇಳುತ್ತಿತ್ತು.

"ನಮ್ರಾ, ಆಫೀಸಿಗೆ ಫೋನ್ ಮಾಡು," ಎಂದರು. "ನಾನೂ ಮಾತಾಡ್ತೀನಿ."

"ಅಬ್ಬಾ, ಆರ್ ಯೂ ಶೂರ್?"

"ಒಲೆ ವಿಷಯಾನೂ ಹೇಳು. ಟೋಪಿ ವಿಷಯಾನೂ ಹೇಳು."

ಕ್ಯಾಂಪಸ್ಸಿನ ಅಗ್ನಿ ಸುರಕ್ಷತೆಯವರು ಬಂದರು. ಯಾರಿಗಾದರೂ ಗಾಯವಾಗಿದೆಯೇ ಎಂದು ಮೊದಲು ಕೇಳಿದರು, ಆಮೇಲೆ ಹೆಸರು ಕೇಳಿದರು. ಅಸ್ಗರ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿ ನಾಲ್ಕು ಪ್ರಶ್ನೆ ಜಾಸ್ತಿಯೇ ಕೇಳಿದರು. ಅಸ್ಗರ್ ಬೆವರಿದರು, ಆದರೆ ಒಂದನ್ನೂ ಮುಚ್ಚಿಡಲಿಲ್ಲ. ಸುರಕ್ಷತೆಯವರು ಆ ಸಾಲಿನ ಕರೆಂಟ್ ನಿಲ್ಲಿಸಿದರು. ಗೋಡೆ ಒಡೆದಾಗ ಮೂರು ಕೋಣೆಗಳ ವೈರ್ ಅದೇ ಸ್ಥಿತಿಯಲ್ಲಿತ್ತು. ಹುಡುಗಿಯರನ್ನು ಬೇರೆ ಕಟ್ಟಡಕ್ಕೆ ಕಳಿಸಿದರು.

ನಮ್ರಾಳ ಒಲೆ ಹೋಯಿತು. ಎಚ್ಚರಿಕೆಯ ನೋಟಿಸ್ ಬಂತು, ಬೆಂಕಿ ಸುರಕ್ಷತೆಯ ಪಾಠಕ್ಕೆ ಹೋಗಿ ಕೂರಬೇಕಾಯಿತು. ಹಾಸ್ಟೆಲಿನಿಂದ ಅವಳನ್ನು ಯಾರೂ ಹೊರಗೆ ಹಾಕಲಿಲ್ಲ. ಸಹರಿಗೆ ಒಲೆ ಯಾಕೆ ಬೇಕಾಯಿತೆಂದು ಗೊತ್ತಾದ ಮೇಲೆ ಊಟದ ಹಾಲಿನವರು ಉಪವಾಸದ ಮಕ್ಕಳಿಗೆ ಸಂಜೆಯೇ ಡಬ್ಬಿ ಕಟ್ಟಿಕೊಡಲು ಒಪ್ಪಿದರು. ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಅಸ್ಗರ್ ಮನೆಗೆ ಯಾವ ಆಫೀಸರೂ ಬರಲಿಲ್ಲ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮಗೂ ಕಾರಣಗಳಿರುತ್ತವೆ. ವೀಸಾದ ಭಯ, ಹೆಸರಿನ ಭಯ, ಮಗಳ ಮದುವೆಯ ಭಯ. ಲ್ಯಾಪ್‌ಟಾಪ್ ಕದ್ದವನನ್ನು, ಹುಡುಗಿಯ ಹಿಂದೆ ಬೀಳುವವನನ್ನು, ರಾತ್ರಿ ಬಾಗಿಲ ಚಿಲಕ ಅಲ್ಲಾಡಿಸಿದವನನ್ನು ನೀವು ಮುಚ್ಚಿಟ್ಟರೆ ಅವನು ನಾಳೆ ಮುಂದಿನ ಬಾಗಿಲಿಗೆ ಹೋಗುತ್ತಾನೆ. ಬೆಂಕಿಯೂ ಅಷ್ಟೇ. ಉರಿಯುತ್ತಿದ್ದರೆ ಹೊರಗೆ ಓಡಿ 911ಕ್ಕೆ ಫೋನ್ ಮಾಡಿ. ಆರಿಸಿದ್ದರೂ ಹಾಸ್ಟೆಲ್ ಆಫೀಸಿಗೆ ಹೇಳಿ. ಅಲಾರಂಗೆ ಏನನ್ನೂ ಹೊದಿಸಬೇಡಿ. ಮಕ್ಕಳನ್ನು ಸೇರಿಸುವ ಮೊದಲು ಆ ಯೂನಿವರ್ಸಿಟಿಯ ಅಪರಾಧದ ಪಟ್ಟಿಯನ್ನೂ ಬೆಂಕಿಯ ಲೆಕ್ಕವನ್ನೂ ಕೇಳಿ. ಕೇಳುವುದು ನಿಮ್ಮ ಹಕ್ಕು, ಕೈಮುಗಿದು ಬೇಡುವ ವಿಷಯವಲ್ಲ. ಕೊಡದಿದ್ದರೆ ಯಾಕೆ ಕೊಡುವುದಿಲ್ಲವೆಂದು ದೊಡ್ಡ ದನಿಯಲ್ಲೇ ಕೇಳಿ.

ಇವತ್ತು ಸಂಜೆ ಮಗಳಿಗೆ ಫೋನ್ ಮಾಡುತ್ತೀರಲ್ಲ? ಊಟ ಆಯಿತೇ ಎಂದು ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ: ನಮಗೆ ಹೇಳದೆ ಇಟ್ಟುಕೊಂಡದ್ದು ಏನಾದರೂ ಇದೆಯೇ? ಅವಳು ಹೇಳಿದರೆ ಬೈಯಬೇಡಿ. ಅವಳ ಗೋಡೆಗೆ ತಲೆ ಕೊಟ್ಟು ಆಚೆ ಕಡೆ ಇನ್ನೊಬ್ಬರ ಮಗಳು ಮಲಗಿರುತ್ತಾಳೆ.