ಖಾಲಿಯಿಂದ ಶುರುಮಾಡುವ ಹೆಸರಮ್ಮ

ಬೆಳಗ್ಗೆ ಕಂಪ್ಯೂಟರಿನ ಮುಂದೆ ಕೂತೊಡನೆ ಹೆಸರಮ್ಮ ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಹಿಂದಿನ ದಿನವೆಲ್ಲ ಬೆವರು ಸುರಿಸಿ ಲೆಕ್ಕಹಾಕಿದ್ದನ್ನು ಅದರ ನೆನಪಿನಿಂದ ಪೂರ್ತಿ ಅಳಿಸಿಬಿಡುವುದು. ಆಮೇಲೆ ತಾನು ಬರೆದ ಪ್ರೋಗ್ರಾಮನ್ನು ಮೊದಲಿನಿಂದ ಓಡಿಸಿ, ಅದೇ ಉತ್ತರ ಬಂದರೆ ಮಾತ್ರ ನಂಬುತ್ತಿದ್ದರು. ಆಸ್ಪತ್ರೆಯ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥೆಗೆ ‘ಹೆಸರಮ್ಮ’ ಎಂಬ ಅಡ್ಡಹೆಸರಿಟ್ಟವರು ಕೈಕೆಳಗಿನ ನಾವೇ.

ಮೊಣಕೈ ಸವೆದ ಬೂದು ಕೋಟು, ಭೂಮಿಗೆ ನೋವಾದೀತೇನೋ ಎಂಬಂಥ ನಿಧಾನದ ನಡಿಗೆ. ಪ್ರೋಗ್ರಾಮಿನಲ್ಲಿ ಯಾರಾದರೂ ಒಂದು ಅಂಕಿಗೆ ಬರಿಯ ‘ಎಕ್ಸ್’ ಎಂದು ಹೆಸರಿಟ್ಟರೆ ಹೆಸರಮ್ಮನ ಮುಖ ಗಂಟಿಕ್ಕುತ್ತಿತ್ತು. ಒಂದು ಹೆಸರಿನ ಪದಗಳ ನಡುವೆ ಚುಕ್ಕೆ, ಮತ್ತೊಂದರಲ್ಲಿ ಅಡಿಗೆರೆ ಕಂಡರೆ ಊಟವೇ ರುಚಿಸುತ್ತಿರಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, “ಇದು ಯಾರ ಮನೇದು?” ಎಂದು ಕೇಳುವುದು ಅವರ ಅಭ್ಯಾಸ.

“ಒಂದೊಂದು ಫಂಕ್ಷನ್ನೂ, ಅಂದ್ರೆ ಪ್ರೋಗ್ರಾಮಿನ ಒಳಗಿನ ಒಂದೊಂದು ಲೆಕ್ಕದ ತುಂಡೂ, ಒಂದೊಂದು ಮನೆ ಕಣ್ರೀ. ಒಳಗೆ ಹುಟ್ಟಿದ ಹೆಸರು ಹೊಸ್ತಿಲು ದಾಟಲ್ಲ. ಆದ್ರೆ ಕೇಳಿದ್ದು ಒಳಗೆ ಸಿಗಲಿಲ್ಲ ಅಂದ್ರೆ, ಹೊರಗೆ ಅದೇ ಹೆಸರಿನದ್ದು ಏನಿರತ್ತೋ ಅದನ್ನ ಸದ್ದಿಲ್ಲದೆ ಎತ್ಕೊಂಡು ಬರತ್ತೆ.”

ನಾವು ತಲೆಯಾಡಿಸಿ, ಅವರು ಅತ್ತ ಹೋದಮೇಲೆ ನಗುತ್ತಿದ್ದೆವು.

ಒಮ್ಮೆ ಮಕ್ಕಳ ವಾರ್ಡಿಗೆ ಹೊಸ ಔಷಧಿಯ ಪ್ರಮಾಣವನ್ನು ಅವರೇ ಲೆಕ್ಕಹಾಕಿದರು. ಅವಸರದ ಡಾಕ್ಟರು ಸಂಜೆಯೇ ಉತ್ತರ ಒಯ್ದರು. “ಬೆಳಗ್ಗೆ ನಾನು ಹೇಳೋವರೆಗೂ ಕೊಡಬೇಡಿ” ಎಂದು ಹೆಸರಮ್ಮ ಕೂಗಿದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ.

ಮರುದಿನ ಎಂದಿನಂತೆ ಎಲ್ಲವನ್ನೂ ಅಳಿಸಿ ಓಡಿಸಿದರೆ ಪ್ರೋಗ್ರಾಮು ನಡುವೆಯೇ ನಿಂತಿತು: ‘ತೂಕ’ ಎಂಬುದು ಸಿಗುತ್ತಿಲ್ಲ. ಫಂಕ್ಷನ್ನಿನ ಒಳಗೆಲ್ಲ ‘ಮಗುವಿನ_ತೂಕ’ ಎಂದು ಬರೆದವರು ಒಂದೇ ಒಂದು ಕಡೆ ಬರಿಯ ‘ತೂಕ’ ಎಂದಿದ್ದರು. ಹಾಗಾದರೆ ನಿನ್ನೆ ಉತ್ತರ ಬಂದದ್ದು ಹೇಗೆ? ನಿನ್ನೆ ಬೆಳಗ್ಗೆ ತೆರೆದು ನೋಡಿದ್ದ ಹಳೆಯ ಅಧ್ಯಯನವೊಂದರಿಂದ ಫಂಕ್ಷನ್ನಿನ ಹೊರಗೆ ‘ತೂಕ’ ಎಂಬ ಹೆಸರಿನಲ್ಲೇ ಉಳಿದಿದ್ದ, ವಯಸ್ಕರ ಸರಾಸರಿ ತೂಕದಿಂದ!

ಆ ನಿಧಾನ ನಡಿಗೆಯ ಹೆಂಗಸು ಓಡಿದ್ದನ್ನು ನಾನು ಕಂಡದ್ದು ಅಂದೊಂದೇ ಸಲ. ಅರ್ಧ ತೊಟ್ಟ ಕೋಟಿನ ಒಂದು ತೋಳು ನೆಲ ಗುಡಿಸುತ್ತಿತ್ತು. ಬೆನ್ನಟ್ಟಿದ ನಾನು ವಾರ್ಡು ಮುಟ್ಟುವಷ್ಟರಲ್ಲಿ, ನರ್ಸಿನ ಕೈಯಲ್ಲಿದ್ದ ತುಂಬಿದ ಸಿರಿಂಜನ್ನು ಅವರು ಹಿಡಿದುಕೊಂಡಿದ್ದರು.

“ನಿಲ್ಸಿ ಡಾಕ್ಟ್ರೇ. ಲೆಕ್ಕ ತಪ್ಪಿದೆ.”

“ಯಾರು ತಪ್ಪು ಮಾಡಿದ್ದು?”

“ನಾನೇ.”

ಎಲ್ಲರೆದುರು, ದನಿ ನಡುಗದೆ. ಅಷ್ಟು ವರ್ಷ ಅವರು ಕಾವಲು ಕೂತಿದ್ದು ನಮ್ಮ ತಪ್ಪುಗಳಿಗೆಂದು ತಿಳಿದಿದ್ದೆ. ತಮ್ಮ ತಪ್ಪಿಗೂ ಕೂತಿದ್ದರು.

ಇಂಥವರು ಎಲ್ಲ ಕಡೆ ಒಬ್ಬಿಬ್ಬರಾದರೂ ಇರುತ್ತಾರೆ. ತಮ್ಮನ್ನೇ ದಿನವೂ ಅನುಮಾನಿಸುವ ಅವರ ಶಿಸ್ತನ್ನು ನಾವು ಹಟವೆಂದು ಆಡಿಕೊಳ್ಳುತ್ತೇವೆ. ಅವರ ದೆಸೆಯಿಂದ ಎಲ್ಲೋ ಒಂದು ಮಗು ಎದ್ದು ಕೂತು ಆಡುತ್ತಿರುತ್ತದೆ. ಅದಕ್ಕೆ ಅವರ ಹೆಸರು ಕೂಡ ಗೊತ್ತಿರುವುದಿಲ್ಲ.